ತರಬೇತುದಾರನು ಆರಿಸಿಕೊಳ್ಳುವ ಶಾಲೆ

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಲೋಕವನ್ನು ಗಣಕಯಂತ್ರದೊಳಗೆ ಕಟ್ಟಿಕೊಡುವ ಅಂತರ್ಜಾಲದ ಆಟಗಳಿವೆ. ಹೂಪ್ಸ್ ಡೈನಾಸ್ಟಿ ಎಂಬುದು ಅವುಗಳಲ್ಲಿ ಹೆಸರಾದದ್ದು. ಅದನ್ನು ಆಡುವವನು ಚೆಂಡನ್ನು ಮುಟ್ಟುವುದಿಲ್ಲ, ಪರದೆಯ ಮೇಲೆ ಓಡುವ ಬೊಂಬೆಗಳನ್ನೂ ಕಾಣುವುದಿಲ್ಲ. ಅವನು ಒಂದು ಕಾಲೇಜಿನ ತರಬೇತುದಾರನ ಕುರ್ಚಿಯಲ್ಲಿ ಕುಳಿತು, ಪ್ರೌಢಶಾಲೆ ಮುಗಿಸುತ್ತಿರುವ ಹುಡುಗರನ್ನು ತನ್ನ ಕಾಲೇಜಿಗೆ ಒಲಿಸಿಕೊಳ್ಳುತ್ತಾನೆ, ಅಭ್ಯಾಸದ ವೇಳೆಯನ್ನು ಹಂಚುತ್ತಾನೆ, ಪಂದ್ಯದ ವ್ಯೂಹವನ್ನು ನಿಶ್ಚಯಿಸುತ್ತಾನೆ. ಉಳಿದುದನ್ನು ಯಂತ್ರದ ಲೆಕ್ಕ ನೋಡಿಕೊಳ್ಳುತ್ತದೆ. ಇಂಥ ಆಟಕ್ಕೆ ಹೊಸದಾಗಿ ಸೇರಿದವನ ಮುಂದೆ ಬರುವ ಮೊದಲ ಪ್ರಶ್ನೆ ಒಂದೇ: ಯಾವ ಶಾಲೆ? ಮುಂಬಯಿಯ ಕನ್ನಡ ಮನೆಗಳ ಮೂರನೆಯ ತಲೆಮಾರಿನ ಹುಡುಗರ ಬಾಯಲ್ಲಿ ಈ ಪ್ರಶ್ನೆಯನ್ನು ಕೇಳಿದಾಗ ಅದನ್ನು ಮಕ್ಕಳಾಟವೆಂದು ತಳ್ಳಿಹಾಕಲು ನಮಗೆ ಮನಸ್ಸಾಗಲಿಲ್ಲ. ನೂರಿಪ್ಪತ್ತು ವರ್ಷಗಳಿಂದ ನಿಜವಾದ ತರಬೇತುದಾರರು ಎದುರಿಸುತ್ತ ಬಂದ ಪ್ರಶ್ನೆ ಅದು. ನಾವು ವಾಸಿಸುವ ಮಾಟುಂಗವೂ ಅದಕ್ಕೆ ತನ್ನದೇ ಆದ ಉತ್ತರವನ್ನು ಇತಿಹಾಸದಲ್ಲಿ ಇಟ್ಟುಕೊಂಡಿದೆ.

ಮೊದಲು ಆಟದ ಲೆಕ್ಕವನ್ನೇ ನೋಡೋಣ. ಹೊಸಬನಿಗೆ ಮೊದಲ ದರ್ಜೆಯ ಪ್ರಸಿದ್ಧ ವಿಶ್ವವಿದ್ಯಾಲಯಗಳು ಸಿಗುವುದಿಲ್ಲ. ಅಮೆರಿಕದ ಕಾಲೇಜು ಕ್ರೀಡೆಯನ್ನು 1973ರಿಂದ ಮೂರು ವಿಭಾಗಗಳಾಗಿ ಒಡೆಯಲಾಗಿದೆ. ಮೂರನೆಯ ವಿಭಾಗದ ಕಾಲೇಜುಗಳು ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಹೊಸ ತರಬೇತುದಾರನು ಅಲ್ಲಿಂದ ಆರಂಭಿಸಿ, ಗೆದ್ದು, ಹೆಸರು ಗಳಿಸಿ ಮೇಲೇರಬೇಕು. ಪ್ರತಿಯೊಂದು ಶಾಲೆಗೂ ಪ್ರತಿಷ್ಠೆಯ ಒಂದು ದರ್ಜೆಯಿದೆ. ದೂರದ ಹುಡುಗನನ್ನು ಒಲಿಸಿಕೊಳ್ಳುವುದು ದುಬಾರಿ, ಹತ್ತಿರದವನನ್ನು ಒಲಿಸಿಕೊಳ್ಳುವುದು ಅಗ್ಗ. ಆದ್ದರಿಂದ ಅನುಭವಿಗಳು ಹೊಸಬರಿಗೆ ಹೇಳುವ ಬುದ್ಧಿಮಾತು ಬಹುಮಟ್ಟಿಗೆ ಭೂಗೋಳಕ್ಕೆ ಸಂಬಂಧಿಸಿದ್ದು. ಶಾಲೆಯ ಹೆಸರನ್ನು ನೋಡಬೇಡ, ನಕಾಶೆಯನ್ನು ನೋಡು. ಸುತ್ತ ಜನದಟ್ಟಣೆಯ ಊರುಗಳಿವೆಯೇ, ಅದೇ ಹುಡುಗರ ಮೇಲೆ ಕಣ್ಣಿಟ್ಟ ಇತರ ತರಬೇತುದಾರರು ಎಷ್ಟು ಮಂದಿ, ಹಿಂದಿನವನು ಬಿಟ್ಟುಹೋದ ತಂಡದಲ್ಲಿ ಇನ್ನೂ ಎರಡು ಮೂರು ವರ್ಷ ಉಳಿಯುವ ಆಟಗಾರರಿದ್ದಾರೆಯೇ? ನೆಲ ಕೊಳ್ಳುವ ರೈತ ಬಾವಿಯನ್ನೂ ನೆರೆಯವನನ್ನೂ ನೋಡುವ ಹಾಗೆ ಎಂದುಕೊಳ್ಳಬಹುದು.

ಈ ಲೆಕ್ಕ ಎಷ್ಟರಮಟ್ಟಿಗೆ ನಿಜ? ಬ್ಯಾಸ್ಕೆಟ್‌ಬಾಲಿನ ಜನಕನಿಂದಲೇ ಪರೀಕ್ಷೆ ಆರಂಭಿಸಬಹುದು. ಕೆನಡಾದ ಜೇಮ್ಸ್ ನೈಸ್ಮಿತ್ 1891ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡಿನ ವೈಎಂಸಿಎ ತರಬೇತಿ ಶಾಲೆಯಲ್ಲಿ, ಚಳಿಗಾಲದಲ್ಲಿ ಸೂರಿನಡಿ ಆಡಬಹುದಾದ ಆಟವೊಂದನ್ನು ಕಲ್ಪಿಸಿದರು. ಹದಿಮೂರು ನಿಯಮಗಳು, ಪೀಚ್ ಹಣ್ಣಿನ ಎರಡು ಬುಟ್ಟಿಗಳು, ಹದಿನೆಂಟು ಮಂದಿಯ ತರಗತಿ, ಒಂದೊಂದು ಪಕ್ಷಕ್ಕೆ ಒಂಬತ್ತು ಮಂದಿ. 1898ರಲ್ಲಿ ಅವರು ಕ್ಯಾನ್ಸಸ್ ವಿಶ್ವವಿದ್ಯಾಲಯಕ್ಕೆ ಹೋದರು. ಆ ಆಯ್ಕೆಗೆ ಬ್ಯಾಸ್ಕೆಟ್‌ಬಾಲ್ ಕಾರಣವಾಗಿರಲಿಲ್ಲ. ಅಲ್ಲಿನ ಪ್ರಾರ್ಥನಾಮಂದಿರದ ಹೊಣೆ ಹೊರಲು ಮತ್ತು ದೈಹಿಕ ಶಿಕ್ಷಣ ಕಲಿಸಲು ಒಬ್ಬರು ಬೇಕಾಗಿದ್ದರು. 1907ರವರೆಗೆ ಅವರ ತಂಡ 55 ಪಂದ್ಯಗಳನ್ನು ಗೆದ್ದು 60ನ್ನು ಸೋತಿತು. ಆಟವನ್ನೇ ಸೃಷ್ಟಿಸಿದವರು ಆ ವಿಶ್ವವಿದ್ಯಾಲಯದ ಚರಿತ್ರೆಯಲ್ಲಿ ಗೆಲುವಿಗಿಂತ ಸೋಲೇ ಹೆಚ್ಚಾಗಿರುವ ಏಕೈಕ ತರಬೇತುದಾರರು ಎಂಬುದನ್ನು ಅಲ್ಲಿನವರು ಇಂದಿಗೂ ನಗುತ್ತ ನೆನೆಯುತ್ತಾರೆ. ಗಣಕದ ಆಟವಾಗಿದ್ದರೆ ಅವರ ಪ್ರತಿಷ್ಠೆ ಕುಸಿದು, ಅವರಿಗೆ ಬೇರೆ ಶಾಲೆಯ ಬಾಗಿಲು ತೆರೆಯುತ್ತಿರಲಿಲ್ಲ.

ಆದರೆ ಆ ಸೋತ ಅಂಕಣದಲ್ಲಿ ಫಾಗ್ ಆಲನ್ ಎಂಬ ಹುಡುಗನಿದ್ದ. ಅವನು ಮುಂದೆ ಅದೇ ಕ್ಯಾನ್ಸಸ್‌ನಲ್ಲಿ 39 ಋತುಗಳ ಕಾಲ ತರಬೇತುದಾರನಾದ. ಆಲನ್‌ರ ಕೈಕೆಳಗೆ ಆಡಿದ ಅಡಾಲ್ಫ್ ರಪ್ 1930ರಲ್ಲಿ ಕೆಂಟಕಿಗೆ ಹೋಗಿ ನಾಲ್ಕು ದಶಕಗಳಿಗೂ ಮಿಕ್ಕಿ ಅಲ್ಲೇ ಉಳಿದರು. ಇನ್ನೊಬ್ಬ ಶಿಷ್ಯ ಡೀನ್ ಸ್ಮಿತ್ 1961ರಿಂದ 1997ರವರೆಗೆ ನಾರ್ತ್ ಕ್ಯಾರೊಲೈನಾವನ್ನು ಕಟ್ಟಿದರು. ಇಂದು ಆಟದ ಪಟ್ಟಿಯಲ್ಲಿ ಅತ್ಯುನ್ನತ ಪ್ರತಿಷ್ಠೆ ಹೊತ್ತು ನಿಂತಿರುವ ಮೂರು ಶಾಲೆಗಳು ಒಂದೇ ಗುರುಪರಂಪರೆಯ ಕವಲುಗಳು. ನಮ್ಮ ಸಂಗೀತದ ಘರಾನೆಗಳನ್ನು ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ. ಊರಿನ ಹೆಸರಿನಿಂದ ಕರೆಯುತ್ತೇವೆ. ಆದರೆ ಊರಿಗೆ ಆ ಹೆಸರು ತಂದವರು ಅಲ್ಲಿ ಬಂದು ಕುಳಿತ ಒಬ್ಬಿಬ್ಬರು.

ಕುಳಿತದ್ದು ಎಂಬ ಮಾತು ಬಂದಾಗ ಜಾನ್ ವುಡನ್‌ರನ್ನು ಬಿಡುವಂತಿಲ್ಲ. ಇಂಡಿಯಾನಾ ಸ್ಟೇಟ್ ಎಂಬ ಚಿಕ್ಕ ಕಾಲೇಜಿನಲ್ಲಿದ್ದ ಅವರಿಗೆ 1948ರಲ್ಲಿ ಎರಡು ಕಡೆಯಿಂದ ಕರೆ ಬಂದಿತ್ತು. ಮನಸ್ಸು ಇದ್ದದ್ದು ಮಿನೆಸೋಟಾದ ಮೇಲೆ. ಹಿಮಬಿರುಗಾಳಿಯಿಂದ ಆ ಕಡೆಯ ದೂರವಾಣಿ ತಡವಾಯಿತು. ಅಷ್ಟರಲ್ಲಿ ಲಾಸ್ ಏಂಜಲಿಸ್‌ನ ಯುಸಿಎಲ್‌ಎಗೆ ಅವರು ಮಾತು ಕೊಟ್ಟಾಗಿತ್ತು. ಕೊಟ್ಟ ಮಾತಿಗೆ ತಪ್ಪಲಿಲ್ಲ. ಅಲ್ಲಿ ಅವರಿಗೆ ದೊರೆತದ್ದು ಮೇಲಂತಸ್ತಿನ ಒಂದು ಹಳೆಯ ವ್ಯಾಯಾಮಶಾಲೆ. ಕುಸ್ತಿಯವರೂ ಜಿಮ್ನಾಸ್ಟಿಕ್ಸ್‌ನವರೂ ಅದೇ ಕೋಣೆಯಲ್ಲಿ ಅಭ್ಯಾಸ ಮಾಡುತ್ತಿದ್ದರು. ಅಭ್ಯಾಸಕ್ಕೆ ಮುನ್ನ ನೆಲ ಒರೆಸುವ ಕೆಲಸವೂ ತರಬೇತುದಾರರದೇ ಆಗಿತ್ತು. ಸ್ವಂತ ಕ್ರೀಡಾಂಗಣ ಬಂದದ್ದು 1965ರಲ್ಲಿ. ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂದದ್ದು 1964ರಲ್ಲಿ, ಅವರ ಹದಿನಾರನೆಯ ಋತುವಿನಲ್ಲಿ. ಅಲ್ಲಿಂದ 1975ರವರೆಗಿನ ಹನ್ನೆರಡು ವರ್ಷಗಳಲ್ಲಿ ಹತ್ತು ಪ್ರಶಸ್ತಿಗಳು. ಹತ್ತು ಎಂಬ ಅಂಕಿಯನ್ನು ಎಲ್ಲರೂ ಹೇಳುತ್ತಾರೆ. ನಮಗೆ ಹದಿನೈದು ಹೆಚ್ಚು ಮುಖ್ಯವಾಗಿ ಕಾಣುತ್ತದೆ: ಪ್ರಶಸ್ತಿಯಿಲ್ಲದ ಹದಿನೈದು ಋತುಗಳ ಕಾಲ ಒಬ್ಬನನ್ನು ಮನೆಗೆ ಕಳುಹಿಸದೆ ಇಟ್ಟುಕೊಂಡ ಆಡಳಿತ. ಯಾವ ಸಿಮ್ಯುಲೇಷನ್‌ನ ಪಟ್ಟಿಯಲ್ಲೂ ಶಾಲೆಯ ಹೆಸರಿನ ಮುಂದೆ ತಾಳ್ಮೆಯ ದರ್ಜೆಯನ್ನು ನಮೂದಿಸಿರುವುದಿಲ್ಲ.

ಇದುವರೆಗೆ ಹೇಳಿದ್ದೆಲ್ಲ ಆಯ್ಕೆಯ ಸ್ವಾತಂತ್ರ್ಯ ಇದ್ದವರ ಕಥೆ. ಇನ್ನೊಂದು ಕಥೆಯಿದೆ. ಜಾನ್ ಮೆಕ್ಲೆಂಡನ್ ಎಂಬ ಕಪ್ಪು ವಿದ್ಯಾರ್ಥಿ 1930ರ ದಶಕದಲ್ಲಿ ಕ್ಯಾನ್ಸಸ್‌ನಲ್ಲಿ ಸ್ವತಃ ನೈಸ್ಮಿತ್‌ರ ಬಳಿ ಕಲಿತರು. ಆಟದ ಸೃಷ್ಟಿಕರ್ತನ ನೇರ ಶಿಷ್ಯ. ಆದರೂ ಬಣ್ಣದ ಕಾರಣದಿಂದ ಆ ವಿಶ್ವವಿದ್ಯಾಲಯದ ತಂಡದಲ್ಲಿ ಅವರಿಗೆ ಆಡಲು ಅವಕಾಶವಿರಲಿಲ್ಲ. ತರಬೇತುದಾರರಾದಾಗ ಅವರಿಗೆ ತೆರೆದಿದ್ದದ್ದು ಕಪ್ಪು ಜನರ ಕಾಲೇಜುಗಳ ಬಾಗಿಲು ಮಾತ್ರ. ಡರಮ್ ನಗರದ ನಾರ್ತ್ ಕ್ಯಾರೊಲೈನಾ ಕಾಲೇಜಿನಲ್ಲಿ ಅವರು ವೇಗದ ಆಟವೊಂದನ್ನು ರೂಪಿಸಿದರು. 1944ರ ಮಾರ್ಚ್ 12ರ ಭಾನುವಾರ ಬೆಳಿಗ್ಗೆ, ಊರು ಚರ್ಚಿನಲ್ಲಿದ್ದ ಹೊತ್ತಿನಲ್ಲಿ, ಅದೇ ನಗರದ ಡ್ಯೂಕ್ ವಿಶ್ವವಿದ್ಯಾಲಯದ ಬಿಳಿಯ ವೈದ್ಯವಿದ್ಯಾರ್ಥಿಗಳ ತಂಡ ಗುಟ್ಟಾಗಿ ಅವರ ಅಂಕಣಕ್ಕೆ ಬಂದಿತು. ಬಾಗಿಲು ಹಾಕಿ, ಪ್ರೇಕ್ಷಕರಿಲ್ಲದೆ ಆಡಿದರು. ಮೆಕ್ಲೆಂಡನ್‌ರ ಹುಡುಗರು 88–44ರಿಂದ ಗೆದ್ದರು. ಆಮೇಲೆ ಎರಡೂ ತಂಡಗಳು ಬೆರೆತು ಇನ್ನೊಂದು ಪಂದ್ಯ ಆಡಿದವು. ಆ ಪ್ರಾಂತ್ಯದ ಕಾನೂನು ಒಪ್ಪದ ಕೆಲಸ ಅದು. ಮುಂದೆ ಟೆನೆಸಿ ಎ ಅಂಡ್ ಐ ಕಾಲೇಜಿನಲ್ಲಿ ಮೆಕ್ಲೆಂಡನ್ 1957, 1958, 1959ರಲ್ಲಿ ಸತತ ಮೂರು ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಯಾವ ಶಾಲೆ ಉತ್ತಮ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವ ಅವಕಾಶವೇ ಇಲ್ಲದಿದ್ದವರ ದಾಖಲೆ ಇದು.

1966ರಲ್ಲಿ ಎಲ್ ಪಾಸೊ ಎಂಬ ಗಡಿಯ ಊರಿನ ಟೆಕ್ಸಸ್ ವೆಸ್ಟರ್ನ್ ಕಾಲೇಜು ರಾಷ್ಟ್ರೀಯ ಅಂತಿಮ ಪಂದ್ಯದಲ್ಲಿ ರಪ್‌ರ ಕೆಂಟಕಿಯನ್ನು 72–65ರಿಂದ ಸೋಲಿಸಿತು. ಕೆಂಟಕಿಯಲ್ಲಿ ಎಲ್ಲರೂ ಬಿಳಿಯರು. ಟೆಕ್ಸಸ್ ವೆಸ್ಟರ್ನ್‌ನ ಆರಂಭದ ಐವರೂ ಕಪ್ಪು ಆಟಗಾರರು. ಅವರ ತರಬೇತುದಾರ ಡಾನ್ ಹ್ಯಾಸ್ಕಿನ್ಸ್ 1961ರವರೆಗೆ ಟೆಕ್ಸಸ್‌ನ ಸಣ್ಣ ಊರುಗಳ ಪ್ರೌಢಶಾಲೆಗಳಲ್ಲಿ ಕಲಿಸುತ್ತಿದ್ದವರು. ಕಾಲೇಜಿಗೆ ಬಂದ ಮೇಲೆ ಹೆಂಡತಿ ಮಕ್ಕಳೊಡನೆ ವಿದ್ಯಾರ್ಥಿನಿಲಯದಲ್ಲೇ ಬಿಡಾರ ಹೂಡಿದ್ದರು. ದೊಡ್ಡ ಶಾಲೆಗಳು ಬಾಗಿಲು ಮುಚ್ಚಿಕೊಂಡ ಹುಡುಗರನ್ನು ಅವರು ದೂರದ ನ್ಯೂಯಾರ್ಕಿನಿಂದ, ಡೆಟ್ರಾಯಿಟಿನಿಂದ ಕರೆತಂದರು. ಹತ್ತಿರದವನು ಅಗ್ಗ ಎಂಬ ಆಟದ ನಿಯಮಕ್ಕೆ ಇದು ವಿರುದ್ಧ. ಇತರರು ನೋಡಲೊಲ್ಲದ ಕಡೆ ನೋಡು ಎಂಬ ಇನ್ನೊಂದು ನಿಯಮಕ್ಕೆ ಪೂರ್ಣ ಅನುಗುಣ.

ಈ ಎರಡು ಅಳತೆಗೋಲುಗಳನ್ನು, ಎಂದರೆ ಅಂಕಣದ ಸೌಕರ್ಯವನ್ನೂ ಬಾಗಿಲಿನ ಅಗಲವನ್ನೂ, ಕೈಯಲ್ಲಿ ಹಿಡಿದು ನಮ್ಮ ಊರಿಗೆ ಬರೋಣ. ಮುಂಬಯಿಯ ನಕಾಶೆಯನ್ನು ಯಾರಾದರೂ ಇಂಥ ಆಟದೊಳಗೆ ಸೇರಿಸಿದರೆ ಮಾಟುಂಗಕ್ಕೆ ಅತ್ಯುನ್ನತ ದರ್ಜೆ ದೊರೆಯುವುದರಲ್ಲಿ ಸಂಶಯವಿಲ್ಲ. 1887ರಲ್ಲಿ ಸ್ಥಾಪನೆಯಾದ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆ, ನಮ್ಮ ಬಾಯಿಯ ವಿಜೆಟಿಐ, 1923ರಲ್ಲಿ ಬೈಕಲಾದಿಂದ ಇಲ್ಲಿಗೆ ಬಂದಿತು. ದಕ್ಷಿಣ ಭಾರತೀಯರು 1932ರಲ್ಲಿ ಕಟ್ಟಿದ ಎಸ್‌ಐಇಎಸ್ ಸಂಸ್ಥೆಯ ಶಾಲೆ ಇಲ್ಲಿದೆ. 1937ರಲ್ಲಿ ರುಯಿಯಾ ಕಾಲೇಜು, ಅದೇ ವರ್ಷ ಖಾಲ್ಸಾ ಕಾಲೇಜು, 1941ರಲ್ಲಿ ಪೋದ್ದಾರ್ ಕಾಲೇಜು. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ತೆರೆದ ರಾಸಾಯನಿಕ ತಂತ್ರಜ್ಞಾನ ವಿಭಾಗವೂ ನಲವತ್ತರ ದಶಕದಲ್ಲಿ ಇಲ್ಲೇ ನೆಲೆನಿಂತಿತು. ಡಾನ್ ಬಾಸ್ಕೊ ಶಾಲೆ, ಇಂಡಿಯನ್ ಜಿಮಖಾನಾ, ಐದು ಉದ್ಯಾನಗಳು; ಎಲ್ಲವೂ ಕಾಲ್ನಡಿಗೆಯ ದೂರದಲ್ಲಿ. ಡಾನ್ ಬಾಸ್ಕೊದ ಅಂಗಳದಲ್ಲಿ ನಡೆಯುವ ಸಾವಿಯೋ ಕಪ್ ಪಂದ್ಯಾವಳಿಗೆ ದೇಶದ ನಾನಾ ಕಡೆಯ ಬ್ಯಾಸ್ಕೆಟ್‌ಬಾಲ್ ತಂಡಗಳು ಬಂದಿವೆ. ಇಷ್ಟು ಶಾಲೆ, ಇಷ್ಟು ಅಂಗಳ, ಓದಿಸಬೇಕೆಂಬ ಹಟವಿರುವ ಮಧ್ಯಮವರ್ಗದ ಇಷ್ಟು ಮನೆಗಳು ಒಂದೇ ಕಡೆ ಸೇರಿದ ಬಡಾವಣೆ ಮುಂಬಯಿಯಲ್ಲಿ ಇನ್ನೊಂದಿಲ್ಲವೆಂದರೆ ಊರಿನ ಅಭಿಮಾನವೆಂದು ಓದುಗರು ಮನ್ನಿಸಬೇಕು.

ಈ ಸಮೃದ್ಧಿ ತಾನಾಗಿ ಬಂದದ್ದಲ್ಲ. 1896ರಲ್ಲಿ ಪ್ಲೇಗು ಮುಂಬಯಿಯನ್ನು ಹೊಕ್ಕಿತು. ಎರಡು ವರ್ಷದ ಬಳಿಕ, 1898ರಲ್ಲಿ, ನಗರ ಸುಧಾರಣಾ ಟ್ರಸ್ಟ್ ಸ್ಥಾಪನೆಯಾಯಿತು. ಅದರ ಐದನೆಯ ಯೋಜನೆ ದಾದರ್–ಮಾಟುಂಗ, ಆರನೆಯದು ಸಾಯನ್–ಮಾಟುಂಗ. ಗದ್ದೆಬಯಲಿನ ಮೇಲೆ ಅಗಲವಾದ ರಸ್ತೆ, ಗಾಳಿ ಬೆಳಕಿನ ಕಟ್ಟಡ, ಶಾಲೆಗೂ ಆಟಕ್ಕೂ ಮೀಸಲು ಜಾಗ ಎಲ್ಲವನ್ನೂ ಮೊದಲೇ ಗೆರೆ ಎಳೆದು ನಿಗದಿಪಡಿಸಿದ್ದರು. ನಮ್ಮವರು ಬಂದು ನೆಲೆಸಿದ್ದು ಆ ಗೆರೆಗಳ ಒಳಗೆ. ಮೈಸೂರು ಅಸೋಸಿಯೇಷನ್ 1926ರಲ್ಲಿ ಹುಟ್ಟಿತು, 1942ರಲ್ಲಿ ರಾಮ ನಾಯಕರ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್ ಬಾಳೆಲೆ ಹಾಸಿತು. ಆದರೆ ಅದೇ ಟ್ರಸ್ಟಿನ ಮೊದಲ ಯೋಜನೆ ನಾಗಪಾಡಾ. ಅಲ್ಲಿ ಖಾಲಿ ಬಯಲಿರಲಿಲ್ಲ. ಕಿಕ್ಕಿರಿದ ಚಾಳುಗಳನ್ನು ಕೆಡವಿ ರಸ್ತೆ ಹಾಯಿಸಬೇಕಿತ್ತು. ಒಂದೇ ಕಚೇರಿ ಹಾಕಿದ ಗೆರೆಗಳು ಒಂದು ಕಡೆ ಉದ್ಯಾನವಾಗಿ, ಇನ್ನೊಂದು ಕಡೆ ಗಲ್ಲಿಯಾಗಿ ಉಳಿದವು.

ಬೈಕಲಾದಲ್ಲಿ ನಿಧಾನದ ಲೋಕಲ್ ಹತ್ತಿದರೆ ಮಾಟುಂಗ ಐದನೆಯ ನಿಲ್ದಾಣ. ನಾಗಪಾಡಾ ಆ ಬೈಕಲಾದ ಮಗ್ಗುಲಲ್ಲಿದೆ. ವಿಜೆಟಿಐ ಆ ಭಾಗವನ್ನು ಬಿಟ್ಟು ಉತ್ತರಕ್ಕೆ ಬಂದ ನಾಲ್ಕು ವರ್ಷಗಳ ಮೇಲೆ, 1927ರಲ್ಲಿ, ಕ್ಲಿಫರ್ಡ್ ಮ್ಯಾನ್‌ಶಾರ್ಡ್ಟ್ ಎಂಬ ಅಮೆರಿಕನ್ ಮಿಷನರಿ ನಾಗಪಾಡಾದಲ್ಲಿ ನೆರೆಹೊರೆಯ ಮನೆ ಎಂಬ ಅರ್ಥದ ಹೆಸರಿನ ಒಂದು ಸೇವಾಕೇಂದ್ರವನ್ನು ತೆರೆದರು. 1936ರಲ್ಲಿ ಸಮಾಜಕಾರ್ಯದ ಟಾಟಾ ವಿದ್ಯಾಸಂಸ್ಥೆ ಆರಂಭವಾದದ್ದೂ ಆ ಮನೆಯಲ್ಲೇ. ಮುಂಬಯಿಯ ಬ್ಯಾಸ್ಕೆಟ್‌ಬಾಲ್ ಎಂದರೆ ಬಲ್ಲವರ ಬಾಯಲ್ಲಿ ಮೊದಲು ಬರುವ ಹೆಸರು ಈ ನಾಗಪಾಡಾ. ಅಲ್ಲಿನ ಮಸ್ತಾನ್ ವೈಎಂಸಿಎ ಅಂಕಣವೂ ಮಹಾನಗರಪಾಲಿಕೆಯ ಆಟದ ಮೈದಾನವೂ ತಲೆಮಾರುಗಳ ಆಟಗಾರರನ್ನು ಕೊಟ್ಟಿವೆ. ಭಾರತ ತಂಡದ ನಾಯಕನಾಗಿ, 1970ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಅಬ್ಬಾಸ್ ಮುಂತಸಿರ್ ಅಲ್ಲಿನ ಹುಡುಗ. ಮೈದಾನಕ್ಕೆ ಬಚ್ಚೂ ಖಾನ್ ಎಂಬ ತರಬೇತುದಾರರ ಹೆಸರಿದೆ.

1950ರ ಸುಮಾರಿಗೆ ಮುಂಬಯಿಯಲ್ಲಿ ಕಲಿಸಲು ಹೊರಟ ಒಬ್ಬ ತರಬೇತುದಾರನನ್ನು ಊಹಿಸಿಕೊಳ್ಳೋಣ. ಆಟದ ಲೆಕ್ಕ ಅವನನ್ನು ಮಾಟುಂಗಕ್ಕೆ ಕಳುಹಿಸುತ್ತದೆ. ಇಲ್ಲಿ ಕಾಲೇಜಿನ ಹೆಸರಿದೆ, ಆವರಣವಿದೆ, ಶುಲ್ಕ ಕಟ್ಟುವ ತಂದೆತಾಯಿಗಳಿದ್ದಾರೆ. ಇತಿಹಾಸವೋ ದೇಶದ ನಾಯಕನನ್ನು ಐದು ನಿಲ್ದಾಣ ಹಿಂದೆ ಇಟ್ಟಿತ್ತು. ಮಾಟುಂಗದಿಂದ ಒಳ್ಳೆಯ ಆಟಗಾರರು ಬರಲಿಲ್ಲವೆಂದು ಇದರ ಅರ್ಥವಲ್ಲ. ನಾವು ಹೇಳುವುದಿಷ್ಟೆ: ಮಾಟುಂಗದಲ್ಲಿ ಪ್ರತಿ ಅಂಕಣಕ್ಕೂ ಒಂದು ಗೇಟು, ಪ್ರತಿ ಗೇಟಿಗೂ ಒಬ್ಬ ಕಾವಲುಗಾರ, ಪ್ರತಿ ಹುಡುಗನಿಗೂ ಸಂಜೆ ಆರಕ್ಕೆ ಒಂದು ಟ್ಯೂಷನ್. ನಾಗಪಾಡಾದ ಮೈದಾನಕ್ಕೆ ಬರಲು ಯಾವ ಶಾಲೆಯ ಗುರುತಿನ ಚೀಟಿಯೂ ಬೇಕಿರಲಿಲ್ಲ. ಮನೆ ಇಕ್ಕಟ್ಟಾಗಿದ್ದ ಹುಡುಗನಿಗೆ ಮೈದಾನವೇ ವಿಶಾಲವಾದ ಕೋಣೆಯಾಗಿತ್ತು. ಅವನು ಅಲ್ಲಿ ಹೆಚ್ಚು ಹೊತ್ತು ಉಳಿಯುತ್ತಿದ್ದ. ಅಭ್ಯಾಸದ ವೇಳೆಯನ್ನು ನಿಮಿಷಗಳಲ್ಲಿ ಹಂಚುವ ಸಿಮ್ಯುಲೇಷನ್‌ಗೆ ಈ ಉಳಿಯುವಿಕೆಯ ಲೆಕ್ಕ ತಿಳಿಯದು.

ಮಾಟುಂಗದ ಪರವಾಗಿಯೂ ಒಂದು ಸಾಕ್ಷ್ಯವಿದೆ, ಅದು ಕ್ರಿಕೆಟ್ಟಿನದು. ಮಂಗಳೂರು ಮೂಲದ ಮನೆತನದ ರವಿ ಶಾಸ್ತ್ರಿ ಓದಿದ್ದು ಡಾನ್ ಬಾಸ್ಕೊದಲ್ಲಿ, ಆಮೇಲೆ ಪೋದ್ದಾರ್‌ನಲ್ಲಿ. ಅವರು ಶಾಲೆಯಲ್ಲಿದ್ದಾಗ ಡಾನ್ ಬಾಸ್ಕೊ ಶಾಲಾ ಕ್ರಿಕೆಟ್ಟಿನ ದೊಡ್ಡ ಹೆಸರಾಗಿರಲಿಲ್ಲ. ದಾದರ್ ಯೂನಿಯನ್ನಿನ ಹಳೆಯ ಆಟಗಾರ ಬಿ. ಡಿ. ದೇಸಾಯಿ ಅಲ್ಲಿ ಕಲಿಸುತ್ತಿದ್ದರು. 1976ರಲ್ಲಿ ಶಾಲೆ ಗೈಲ್ಸ್ ಶೀಲ್ಡಿನ ಅಂತಿಮ ಪಂದ್ಯಕ್ಕೆ ಬಂದು ಸೋತಿತು. 1977ರಲ್ಲಿ ಶಾಸ್ತ್ರಿಯವರ ನಾಯಕತ್ವದಲ್ಲಿ ಗೆದ್ದಿತು. ಶಾಲೆಯ ಚರಿತ್ರೆಯಲ್ಲಿ ಅದೇ ಮೊದಲು. ದುರ್ಬಲ ತಂಡವನ್ನು ಹಿಡಿದು ಎರಡು ಋತುಗಳಲ್ಲಿ ಮೇಲೆತ್ತುವುದು ಗಣಕದ ಆಟಗಾರರ ಅತ್ಯಂತ ಪ್ರಿಯವಾದ ಕನಸು; ನಮ್ಮ ರಸ್ತೆಯ ಮೂಲೆಯಲ್ಲೇ ಅದು ನಡೆದುಹೋಗಿದೆ.

ಪಕ್ಕದ ದಾದರಿನಲ್ಲಿ ಇದಕ್ಕೆ ತಿರುವುಮುರುವಾದ ಘಟನೆ ನಡೆಯಿತು. ರಮಾಕಾಂತ ಆಚ್ರೇಕರರು ಆಡಿದ್ದು ಒಂದೇ ಒಂದು ಪ್ರಥಮ ದರ್ಜೆಯ ಪಂದ್ಯ. ಆದರೆ ಶಿವಾಜಿ ಪಾರ್ಕಿನಲ್ಲಿ ಅವರು ನಿಂತ ಜಾಗವೇ ಗುರುಕುಲವಾಯಿತು. ಅವರು ಶಾರದಾಶ್ರಮ ವಿದ್ಯಾಮಂದಿರಕ್ಕೆ ಕಲಿಸುತ್ತಿದ್ದರೆಂಬ ಕಾರಣಕ್ಕೆ ಸಚಿನ್ ತೆಂಡೂಲ್ಕರ್ ಬಾಂದ್ರಾದ ತಮ್ಮ ಶಾಲೆಯನ್ನು ಬಿಟ್ಟು ಅಲ್ಲಿಗೆ ಸೇರಿದರು. 1988ರ ಫೆಬ್ರವರಿಯಲ್ಲಿ ಆಜಾದ್ ಮೈದಾನದಲ್ಲಿ ಅವರೂ ವಿನೋದ್ ಕಾಂಬ್ಳಿಯೂ ಕೂಡಿ ಕಲೆಹಾಕಿದ ಮುರಿಯದ 664 ಓಟಗಳು ಆ ಶಾಲೆಯ ಹೆಸರಿನಲ್ಲಿ ದಾಖಲಾದವು. ಇಲ್ಲಿ ತರಬೇತುದಾರನು ಶಾಲೆಯನ್ನು ಆರಿಸಲಿಲ್ಲ. ಹುಡುಗನ ಮನೆಯವರು ತರಬೇತುದಾರನನ್ನು ಆರಿಸಿದರು, ಶಾಲೆ ಹಿಂದೆ ಬಂದಿತು. ಮನೆಯಿಂದ ದೂರವೆಂದು ಹುಡುಗ ಶಿವಾಜಿ ಪಾರ್ಕಿನ ಸನಿಹದ ಬಂಧುಗಳ ಮನೆಯಲ್ಲಿ ಉಳಿದ. ಅಂಥ ಬಂಧುಗಳಿಲ್ಲದ ಹುಡುಗ ಏನು ಮಾಡುತ್ತಿದ್ದ ಎಂಬುದು ನಮ್ಮನ್ನು ಆಗಾಗ ಕಾಡುವ ಪ್ರಶ್ನೆ.

ಆ ಪ್ರಶ್ನೆಗೆ ಪಂಜಾಬಿನಲ್ಲಿ ಒಂದು ಉತ್ತರ ದೊರೆತಿದೆ. ಭಾರತದ ಬ್ಯಾಸ್ಕೆಟ್‌ಬಾಲ್ ತಂಡ ಒಲಿಂಪಿಕ್ಸಿಗೆ ಹೋದದ್ದು ಒಮ್ಮೆ ಮಾತ್ರ, 1980ರ ಮಾಸ್ಕೋಗೆ; ಆಡಿದ ಎಲ್ಲ ಪಂದ್ಯಗಳನ್ನೂ ಸೋತು ಹನ್ನೆರಡನೆಯ ಸ್ಥಾನದಲ್ಲಿ ನಿಂತಿತು. ಅದಾದ ಎರಡು ದಶಕಗಳ ಮೇಲೆ ಲೂಧಿಯಾನಾದ ಬ್ಯಾಸ್ಕೆಟ್‌ಬಾಲ್ ಅಕಾಡೆಮಿಯಲ್ಲಿ ಡಾ. ಎಸ್. ಸುಬ್ರಮಣಿಯನ್ ಎಂಬ ತರಬೇತುದಾರರು ಹಳ್ಳಿಗಳ ಎತ್ತರದ ಹುಡುಗರನ್ನು ಹುಡುಕಿ ತಂದು ಕಲಿಸಿದರು. ಬಲ್ಲೋಕೆ ಎಂಬ ಹಳ್ಳಿಯ ಸತ್ನಾಮ್ ಸಿಂಗ್ ಅಲ್ಲಿಂದ 2010ರಲ್ಲಿ ಫ್ಲಾರಿಡಾದ ತರಬೇತಿ ಶಾಲೆಗೆ ಹೋದ. 2015ರಲ್ಲಿ ಡಾಲಸ್ ತಂಡ ಅವನನ್ನು 52ನೆಯ ಆಯ್ಕೆಯಾಗಿ ತೆಗೆದುಕೊಂಡಿತು. ಅಮೆರಿಕದ ವೃತ್ತಿಪರ ಲೀಗಿನ ಆ ಆಯ್ಕೆಯಲ್ಲಿ ಹೆಸರು ಬಂದ ಭಾರತದ ಮೊದಲ ಹುಡುಗ. ಲೂಧಿಯಾನಾದ ಗುಟ್ಟು ಅಂಕಣದಲ್ಲಿದ್ದಷ್ಟೇ ಹಾಸ್ಟೆಲಿನ ಊಟದ ತಟ್ಟೆಯಲ್ಲೂ ಇತ್ತು. ಮಲಗಲು ಹಾಸಿಗೆ, ಹೊಟ್ಟೆ ತುಂಬ ಹಾಲು ರೊಟ್ಟಿ ಇದ್ದರೆ ಹಳ್ಳಿಯ ಹುಡುಗನಿಗೆ ನಗರದಲ್ಲಿ ಬಂಧುಗಳು ಬೇಕಾಗುವುದಿಲ್ಲ.

ಇನ್ನು ನಮ್ಮದೇ ಮನೆಯ ಮಾತು. ಮುಂಬಯಿಯ ಕನ್ನಡಿಗರು ಹೆಮ್ಮೆಯಿಂದ ಹೇಳಿಕೊಳ್ಳುವ ವಿದ್ಯಾಕಾರ್ಯ ರಾತ್ರಿಶಾಲೆಗಳದು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಕೋಟೆ ಪ್ರದೇಶದಲ್ಲಿ ರಾತ್ರಿಶಾಲೆ ನಡೆಸಿದವು. ಉಡುಪಿ, ಕುಂದಾಪುರ, ಕಾರ್ಕಳದ ಕಡೆಯಿಂದ ಹತ್ತು ಹನ್ನೆರಡರ ವಯಸ್ಸಿಗೆ ಬಂದ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ಮೇಜು ಒರೆಸಿ, ಏಳು ಗಂಟೆಗೆ ಪಾಟಿ ಹಿಡಿದು ಕೂರುತ್ತಿದ್ದರು. ಅವರಿಗೆ ಕಲಿಸಿದವರು ಹಗಲು ಬೇರೆ ನೌಕರಿಯಲ್ಲಿದ್ದವರು. ಇವರಲ್ಲಿ ಹಲವರಿಗೆ ಹೆಸರಾದ ಹಗಲುಶಾಲೆಗಳಲ್ಲಿ ಕಲಿಸುವ ಅರ್ಹತೆಯಿತ್ತು. ಅವರು ರಾತ್ರಿಯನ್ನು ಆರಿಸಿಕೊಂಡರು. ಹಲವು ವಕೀಲರು, ಬ್ಯಾಂಕಿನ ಅಧಿಕಾರಿಗಳು, ಹೋಟೆಲಿನ ಮಾಲೀಕರು ಆ ಬೆಂಚುಗಳಿಂದ ಎದ್ದು ಬಂದವರು. ತರಬೇತುದಾರನು ಶಾಲೆಯನ್ನು ಆರಿಸಿಕೊಳ್ಳುವುದು ಎಂದರೇನೆಂದು ತಿಳಿಯಲು ನಾವು ಕ್ಯಾನ್ಸಸ್‌ವರೆಗೆ ಹೋಗಬೇಕಾಗಿರಲಿಲ್ಲ.

ಆದರೂ ಒಂದು ಕೊರತೆಯನ್ನು ಹೇಳಲೇಬೇಕು. ರಾತ್ರಿಶಾಲೆಗೆ ಆಟದ ಪೀರಿಯಡ್ಡು ಇರಲಿಲ್ಲ. ದಿನವಿಡೀ ದುಡಿದ ಮೈಗೆ ವ್ಯಾಯಾಮವೇಕೆ ಎಂದು ದೊಡ್ಡವರು ಕೇಳಿದ್ದಿರಬಹುದು. ಆ ಮಾತಿನಲ್ಲಿ ನ್ಯಾಯವೂ ಇದೆ. ಆದರೆ ಹದಿನಾಲ್ಕರ ಹುಡುಗನಿಗೆ ದುಡಿಮೆ ಬೇರೆ, ಆಟ ಬೇರೆ. ಕ್ರಿಕೆಟ್ಟಿಗೆ ಹಗಲೂ ಮೈದಾನವೂ ಬೇಕು. ಅವನಿಗೆ ಎರಡೂ ಇರಲಿಲ್ಲ. ಬ್ಯಾಸ್ಕೆಟ್‌ಬಾಲಿನ ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ. ಶಾಲೆಯ ಅಂಗಳದಲ್ಲೋ ಎರಡು ಕಟ್ಟಡಗಳ ನಡುವಿನ ಖಾಲಿ ಜಾಗದಲ್ಲೋ ಅದು ಹಿಡಿಸುತ್ತದೆ. ಒಂದೇ ಬುಟ್ಟಿ, ಅರ್ಧ ಅಂಕಣ ಇದ್ದರೂ ಮೂರು ಮೂರು ಮಂದಿ ಆಡಬಹುದು. ನಾಲ್ಕು ದೀಪ ಹಾಕಿದರೆ ರಾತ್ರಿ ಒಂಬತ್ತಕ್ಕೂ ಆಡಬಹುದು. ನೈಸ್ಮಿತ್‌ರು ಈ ಆಟವನ್ನು ಕಲ್ಪಿಸಿದ್ದೇ ಹೊರಗೆ ಆಡಲಾಗದವರಿಗಾಗಿ, ನಾಲ್ಕು ಗೋಡೆಗಳ ನಡುವೆ. ಮುಂಬಯಿಯ ಹೋಟೆಲ್ ಹುಡುಗನಿಗೆಂದೇ ಹೊಲಿಸಿದಂತಿದ್ದ ಅಂಗಿ ಅದು. ವೈಎಂಸಿಎಯ ಮೂಲಕ ಅದು ನಮ್ಮ ದೇಶಕ್ಕೆ ಬಂದಿತ್ತು. 1920ರಲ್ಲೇ ಹ್ಯಾರಿ ಬಕ್ ಮದರಾಸಿನಲ್ಲಿ ದೈಹಿಕ ಶಿಕ್ಷಣದ ಕಾಲೇಜು ತೆರೆದಿದ್ದರು. ನಮ್ಮ ಸಮಾಜ ಆ ಅಂಗಿಯನ್ನು ಹಾಕಿ ನೋಡಲಿಲ್ಲ. ಯಕ್ಷಗಾನದ ತಾಳಮದ್ದಳೆಗೆ, ನಾಟಕಕ್ಕೆ, ಭಜನೆಗೆ ಕೊಟ್ಟ ಜಾಗದ ಒಂದು ಪಾಲನ್ನು ಆಟಕ್ಕೆ ಕೊಟ್ಟಿದ್ದರೆ ಎಂಬ ಯೋಚನೆ ಬಂದಾಗ, ಕಲೆಗೆ ಕೊಟ್ಟದ್ದಕ್ಕೆ ನಮಗೆ ವಿಷಾದವಿಲ್ಲ. ಮಕ್ಕಳಿಗೆ ಕೊಡದೆ ಉಳಿದದ್ದಕ್ಕೆ ಇದೆ.

ಇಂದು ರಾತ್ರಿಶಾಲೆಗಳ ಬೆಂಚುಗಳು ಬರಿದಾಗುತ್ತಿವೆ. ಹೋಟೆಲಿನ ಕೆಲಸಕ್ಕೆ ಈಗ ಬರುವವರು ಬೇರೆ ಪ್ರಾಂತ್ಯಗಳ ಹುಡುಗರು. ಕನ್ನಡ ಮಾಧ್ಯಮದ ಹಗಲುಶಾಲೆಗಳೂ ಮಕ್ಕಳನ್ನು ಎಣಿಸುತ್ತ ಕುಳಿತಿವೆ. ಆದರೆ ಆ ಕಟ್ಟಡಗಳೂ ಅಂಗಳಗಳೂ ಇನ್ನೂ ನಮ್ಮ ಸಂಸ್ಥೆಗಳ ಕೈಯಲ್ಲಿವೆ. ನಮ್ಮ ಹುಡುಗರಲ್ಲಿ ನಿಜವಾಗಿ ಚೆಂಡು ಹಿಡಿದು ಬೆಳೆದವರಿದ್ದಾರೆ. ಡಾನ್ ಬಾಸ್ಕೊದಲ್ಲೋ ಜಿಮಖಾನಾದಲ್ಲೋ ಕಲಿತು, ಈಗ ನೌಕರಿಯಲ್ಲಿದ್ದು, ರಾತ್ರಿ ಪರದೆಯ ಮುಂದೆ ಅಮೆರಿಕದ ಮೂರನೆಯ ವಿಭಾಗದ ಕಾಲೇಜೊಂದನ್ನು ಮೇಲೆತ್ತುವುದರಲ್ಲಿ ಮಗ್ನರಾದವರು. ಅವರ ಲೆಕ್ಕಾಚಾರವನ್ನು ನಾವು ಅಲ್ಲಗಳೆಯುವುದಿಲ್ಲ. ಪ್ರತಿಷ್ಠೆಗೆ ಮರುಳಾಗದೆ ನಕಾಶೆ ನೋಡುವುದನ್ನು ಆ ಆಟ ಅವರಿಗೆ ಕಲಿಸಿದೆ. ಅದು ಸಣ್ಣ ವಿದ್ಯೆಯಲ್ಲ. ಅದೇ ಕಣ್ಣಿನಿಂದ ಅವರು ವಡಾಲಾ, ಸಾಯನ್, ಧಾರಾವಿಯ ನಕಾಶೆಯನ್ನು ನೋಡಿದರೆ, ಬಯಲಿಲ್ಲದ ಎಷ್ಟು ಮಕ್ಕಳು ಕಾಲ್ನಡಿಗೆಯ ದೂರದಲ್ಲಿದ್ದಾರೆಂದು ತಿಳಿಯುತ್ತದೆ. ಆ ಮಕ್ಕಳು ಕನ್ನಡದವರೇ ಆಗಬೇಕೆಂದಿಲ್ಲ. ಯಾವ ಸಂಸ್ಥೆಯ ಅಂಗಳ ಸಂಜೆ ಏಳಕ್ಕೆ ಖಾಲಿ ಬಿದ್ದಿರುತ್ತದೆ, ಬುಟ್ಟಿ ನೆಡಲು ಯಾರನ್ನು ಕೇಳಬೇಕು, ದೀಪದ ಬಿಲ್ಲು ಯಾರು ಕಟ್ಟಬೇಕು, ಎಂಟು ವರ್ಷ ಏನೂ ಗೆಲ್ಲದಿದ್ದರೂ ಕೀಲಿಕೈಯನ್ನು ಹಿಂದಕ್ಕೆ ಕೇಳದ ಆಡಳಿತ ಮಂಡಳಿ ಯಾವುದು, ಇವಿಷ್ಟನ್ನು ವಿಚಾರಿಸುವ ಕೆಲಸ ಬಾಕಿಯಿದೆ.